ಹರಕೆಯ ಹೆಸರು, ದಾಖಲೆಯ ಹೆಸರು

ಪಾಂಡವಪುರ ತಾಲ್ಲೂಕಿನ ಚಿನಕುರಳಿ ಸುತ್ತಿನ ಯಾವುದಾದರೊಂದು ಹಳ್ಳಿಯ ಮತದಾರರ ಪಟ್ಟಿಯನ್ನು ತೆಗೆದು, ಅರವತ್ತು ದಾಟಿದವರ ಹೆಸರುಗಳನ್ನಷ್ಟೇ ಓದುತ್ತಾ ಹೋಗಿ. ಚೆಲುವೇಗೌಡ, ಸಿಂಗ್ರೀಗೌಡ, ಜವರಯ್ಯ, ಬೈರಮ್ಮ, ನಂಜಮ್ಮ, ಪುಟ್ಟತಾಯಮ್ಮ, ತಿಪ್ಪಯ್ಯ. ಮಕ್ಕಳಿಗೆ ಹೆಸರಿಡಲೆಂದು ಅಂಗಡಿಯಲ್ಲಿ ಸಿಗುವ ನಾಮಾವಳಿ ಪುಸ್ತಕಗಳಲ್ಲಿ ಇವನ್ನು ಹುಡುಕುವುದು ವ್ಯರ್ಥ. ಆ ಪುಸ್ತಕಗಳು ಸಂಸ್ಕೃತ ಶಬ್ದಕ್ಕೆ ಅರ್ಥ ಹೇಳಿ ಮುಗಿಸುತ್ತವೆ. ಈ ಹೆಸರುಗಳ ಅರ್ಥ ತಿಳಿಯಬೇಕಾದರೆ ಹುಟ್ಟಿದ ಮಗುವನ್ನು ಮನೆಯವರು ಯಾರ ಮಡಿಲಿಗೆ ಹಾಕಿದರು, ಏಕೆ ಹಾಕಿದರು ಎಂದು ಕೇಳಬೇಕು.

ಈ ಸೀಮೆಯ ಹೆಸರುಗಳಿಗೆ ಬೆಟ್ಟಗಳೇ ತವರು. ಮೇಲುಕೋಟೆಯ ಚೆಲುವನಾರಾಯಣನಿಂದ ಚೆಲುವಯ್ಯ, ಚೆಲುವರಾಜು, ಚೆಲುವಮ್ಮ ಬಂದರು. ರಾಮಾನುಜರು ಅಕ್ಕರೆಯಿಂದ ಕರೆದಾಗ ಉತ್ಸವಮೂರ್ತಿ ತಾನಾಗಿ ಬಂದು ಅವರ ತೊಡೆಯೇರಿತು, ಅಂದಿನಿಂದ ಅದು ‘ಚೆಲುವಪಿಳ್ಳೆ’ಯಾಯಿತು ಎಂಬುದು ಅಲ್ಲಿನ ಐತಿಹ್ಯ. ದೇವರಿಗೇ ಮಗುವಿನ ಹೆಸರಿಟ್ಟ ಊರಿನಲ್ಲಿ ಮಕ್ಕಳಿಗೆ ದೇವರ ಹೆಸರಿಡುವುದರಲ್ಲಿ ಆಶ್ಚರ್ಯವೇನಿದೆ! ಅದೇ ಬೆಟ್ಟದ ಮೇಲಿನ ಯೋಗಾನರಸಿಂಹ ಜನರ ಬಾಯಲ್ಲಿ ಸವೆದು ನರಸಯ್ಯ, ನರಸಮ್ಮ, ಸಿಂಗ್ರಯ್ಯ, ಸಿಂಗಮ್ಮ ಆಗಿದ್ದಾನೆ. ಓದುಬರಹದ ಮನೆಗಳಲ್ಲಿ ಸವೆಯದೆಯೂ ಉಳಿದಿದ್ದಾನೆ: ಮೇಲುಕೋಟೆಯ ಪುರೋಹಿತ ತಿರುನಾರಾಯಣ ನರಸಿಂಹಾಚಾರ್ ಅಂದರೆ ನಮ್ಮ ಪು.ತಿ.ನ., ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, ಅಕ್ಕಿಹೆಬ್ಬಾಳಿನ ನರಸಿಂಹಮೂರ್ತಿರಾವ್ ಅಂದರೆ ಎ.ಎನ್. ಮೂರ್ತಿರಾವ್. ‘ದೇವರು’ ಪುಸ್ತಕ ಬರೆದು ದೇವರ ಇರವನ್ನೇ ಪ್ರಶ್ನಿಸಿದ ಮೂರ್ತಿರಾಯರೂ ನರಸಿಂಹನ ಹೆಸರಿನವರೇ ಎಂಬುದು ಒಂದು ತಮಾಷೆ. ಶ್ರೀರಂಗಪಟ್ಟಣದ ಕಡೆ ರಂಗ, ನಾಗಮಂಗಲದ ಕಡೆ ಆದಿಚುಂಚನಗಿರಿಯ ಕಾಲಭೈರವನ ಬೈರ, ನಂಜನಗೂಡಿನಿಂದ ನಂಜ, ಮಲೆ ಮಹದೇಶ್ವರ ಬೆಟ್ಟದಿಂದ ಮಾದ.

ಎಷ್ಟೋ ಸಲ ಇಂಥ ಹೆಸರು ಹರಕೆಯ ಋಣಪತ್ರ. ಮಕ್ಕಳಿಲ್ಲದವರು ಹೊತ್ತ ಹರಕೆ ಫಲಿಸಿದರೆ ಹೆಸರು ಆ ದೇವರಿಗೆ ಸಲ್ಲಬೇಕು. ನಟ ರಾಜ್‌ಕುಮಾರ್ ಅವರಿಗೆ ಹುಟ್ಟಿದಾಗ ಇಟ್ಟ ಹೆಸರು ಮುತ್ತುರಾಜ. ಕಾವೇರಿ ದಡದ ಮುತ್ತತ್ತಿರಾಯನಿಗೆ ತಂದೆತಾಯಿ ನಡೆದುಕೊಳ್ಳುತ್ತಿದ್ದುದರ ಫಲ ಅದು. ಬೂಕನಕೆರೆ ಸಿದ್ಧಲಿಂಗಪ್ಪ ಯಡಿಯೂರಪ್ಪನವರ ಹೆಸರಿನಲ್ಲಿ ಎರಡು ಊರುಗಳಿವೆ: ಹುಟ್ಟಿದ ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆ ಒಂದು, ಸಿದ್ಧಲಿಂಗೇಶ್ವರರ ಗದ್ದುಗೆಯಿರುವ ಯಡಿಯೂರು ಇನ್ನೊಂದು. ಈ ಪದ್ಧತಿ ಹಿಂದೂಗಳದ್ದು ಮಾತ್ರ ಎಂದುಕೊಂಡವರು ಶ್ರೀರಂಗಪಟ್ಟಣದ ಗುಂಬಜ್‌ಗೆ ಹೋಗಬೇಕು. ಅಲ್ಲಿ ಮಲಗಿರುವ ಟಿಪ್ಪು ಸುಲ್ತಾನನ ಹೆಸರು ಬಂದದ್ದು ಆರ್ಕಾಟಿನ ಸೂಫಿ ಸಂತ ಟಿಪ್ಪು ಮಸ್ತಾನ್ ಔಲಿಯಾರಿಂದ. ಹೈದರಾಲಿ ದಂಪತಿ ಆ ದರ್ಗಾದಲ್ಲಿ ಹರಕೆ ಹೊತ್ತ ಬಳಿಕ ಹುಟ್ಟಿದ ಮಗ ಅವನು. ಹೆಸರಿನ ಜೊತೆಗಿದ್ದ ‘ಫತೇ ಅಲಿ’ಯಲ್ಲಿ ಅಜ್ಜ ಫತೇ ಮಹಮ್ಮದನ ನೆನಪಿದೆ. ಅಜ್ಜನ ಹೆಸರು ಮೊಮ್ಮಗನಿಗೆ, ಹರಕೆಯ ಹೆಸರು ಅದರ ಮಗ್ಗುಲಿಗೆ: ಇದು ಯಾವ ಒಕ್ಕಲಿನ ಮನೆಗೂ ಹೊಂದುವ ಲೆಕ್ಕ.

ಇನ್ನೊಂದು ಬಗೆಯ ಹೆಸರುಗಳ ಹಿಂದಿರುವುದು ಭಯ. ಸಿಡುಬು, ಪ್ಲೇಗುಗಳ ಕಾಲದಲ್ಲಿ ಒಂದರ ಮೇಲೊಂದು ಮಗು ಹೋದ ಮನೆಯಲ್ಲಿ ಮುಂದೆ ಹುಟ್ಟಿದ್ದನ್ನು ತಿಪ್ಪೆಯ ಮೇಲೆ ಉರುಳಿಸಿ ‘ತಿಪ್ಪ’ ಎಂದು ಕರೆಯುತ್ತಿದ್ದರು. ಗುಂಡ, ಕಲ್ಲ, ಕಾಡ ಎಂಬವೂ ಅದೇ ಜಾತಿಯವು. ಇದು ಯಾರಿಗೂ ಬೇಡದ್ದು ಎಂದು ಸಾವು ನಂಬಿ ಹಾದುಹೋಗಲಿ ಎಂಬ ಉಪಾಯ. ಜವ ಎಂದರೆ ಯಮ. ಮಗುವನ್ನೇ ‘ಜವರಾಯ’ ಎಂದು ಕರೆದ ಮೇಲೆ ಯಮನಿಗೂ ಕೊಂಚ ಸಂಕೋಚವಾಗಬೇಕಲ್ಲ! ಆದರೆ ಎಲ್ಲ ತಿಪ್ಪೆಯನ್ನೂ ಒಂದೇ ಎನ್ನಬಾರದು. ಚಿತ್ರದುರ್ಗ ಕಡೆಯ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪಗಳು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಒಕ್ಕಲು.

ಸಾಕಮ್ಮನ ಕಥೆ ಬೇರೆ. ಸಾಕಿಕೊಂಡವಳು ಎಂಬ ಅರ್ಥವೂ ಅದಕ್ಕಿದೆ. ಆದರೆ ಮೂರು ನಾಲ್ಕು ಹೆಣ್ಣಾದ ಮೇಲೆ ‘ಇನ್ನು ಸಾಕು’ ಎಂದು ಇಟ್ಟದ್ದೂ ಉಂಟು. ತಿಪ್ಪನಿಗೆ ಕೆಟ್ಟ ಹೆಸರಿಟ್ಟದ್ದು ಮಗು ಉಳಿಯಲಿ ಎಂದು. ಇಲ್ಲಿ ಆ ಕರುಣೆಯಿಲ್ಲ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ‘ನಕುಶಾ’, ಎಂದರೆ ಬೇಡವಾದವಳು, ಎಂಬ ಹೆಸರು ಹೊತ್ತಿದ್ದ ಇನ್ನೂರಕ್ಕೂ ಹೆಚ್ಚು ಹುಡುಗಿಯರಿಗೆ 2011ರಲ್ಲಿ ಜಿಲ್ಲಾಡಳಿತವೇ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟಿತು.

ಪುಟ್ಟ, ಚಿಕ್ಕ, ಮರಿ, ಸಣ್ಣ ಇಷ್ಟೊಂದು ಇರುವುದಕ್ಕೆ ಕಾರಣ ಬರೀ ಮುದ್ದಲ್ಲ. ಮೊಮ್ಮಗನಿಗೆ ಅಜ್ಜನ ಹೆಸರು ಬಿತ್ತು ಎನ್ನಿ. ಆ ಅಜ್ಜ ಮಗುವಿನ ತಾಯಿಗೆ ಮಾವ. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲ. ಹೆತ್ತ ಮಗನನ್ನು ಅವಳು ‘ಪುಟ್ಟ’ ಎಂದಳು, ಕೇರಿಯೂ ಹಾಗೇ ಎಂದಿತು, ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಒಂದು ‘ಸ್ವಾಮಿ’ ಸೇರಿಸಿ ಬರೆದುಕೊಂಡರು.

ಹೆಸರಿನ ಬಾಲ ಎಲ್ಲರಿಗೂ ಸಿಗುತ್ತಿರಲಿಲ್ಲ. ಒಂದೇ ಊರಿನಲ್ಲಿ, ಒಂದೇ ಕೆಂಪು ಬಣ್ಣದಿಂದ ಹುಟ್ಟಿದ ಹೆಸರು ಜಮೀನಿದ್ದವನಲ್ಲಿ ಕೆಂಪೇಗೌಡ, ಅವನ ಹೊಲದಲ್ಲಿ ದುಡಿದವನಲ್ಲಿ ಬರಿಯ ಕೆಂಪ. ‘ಅಯ್ಯ’ ಎಂಬ ಎರಡಕ್ಷರಕ್ಕೆ ದಲಿತ ಕೇರಿಯ ಅಪ್ಪಂದಿರು ಎಷ್ಟು ತಲೆಮಾರು ಕಾಯಬೇಕಾಯಿತು! ಶಾಲೆಗೆ ಹೋದ ಮಗ ಕೆಂಪಯ್ಯನೋ ಕೆಂಪರಾಜನೋ ಆದದ್ದು ಸಣ್ಣ ಬದಲಾವಣೆ ಎಂದು ಬಾಲವಿದ್ದವರು ಮಾತ್ರ ಹೇಳಿಯಾರು.

ಹೀಗೆ ಒಬ್ಬರಿಗೆ ಎರಡು ಮೂರು ಹೆಸರು ಉಳಿದವು. ಮನೆಯಲ್ಲಿ ಪುಟ್ಟಮ್ಮ, ಪಹಣಿಯಲ್ಲಿ ಚೆಲುವಮ್ಮ, ಆಧಾರ್ ಚೀಟಿಯಲ್ಲಿ ಜಯಮ್ಮ. ಲಿಂಗಮ್ಮ ನಿಂಗಮ್ಮನಾದದ್ದಕ್ಕೂ ವೃದ್ಧಾಪ್ಯ ವೇತನ ನಿಂತ ಉದಾಹರಣೆಗಳಿವೆ. ಗಂಡನ ಜಮೀನು ಹೆಸರಿಗೆ ಬರಬೇಕಾದರೆ ಈ ಮೂವರೂ ಒಬ್ಬಳೇ ಎಂದು ಮುದುಕಿ ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಬೇಕು. ಅದರಲ್ಲಿ ಎರಡು ಹೆಸರುಗಳ ನಡುವೆ ಬರೆಯುವ ‘ಉರುಫ್’ ಅರಬ್ಬಿಯಿಂದ ಬಂದ ಮಾತು. ತಂದೆಯ ಹೆಸರಿನ ಹಿಂದೆ ಬರುವ ‘ಬಿನ್’ ಕೂಡ ಅಷ್ಟೇ. ‘ಚೆಲುವಮ್ಮ ಉರುಫ್ ಪುಟ್ಟಮ್ಮ’ ಎಂದು ಬರೆಸಿ, ಕೆಳಗೆ ಅವಳು ಒತ್ತುವುದು ಹೆಬ್ಬೆಟ್ಟು.