ದೊಡ್ಡಕರುಳಿನ ಕ್ಯಾನ್ಸರ್ ಪತ್ತೆಯಲ್ಲಿ ಬ್ಯಾಕ್ಟೀರಿಯಾ ಸೂಚಕಗಳು

ದೊಡ್ಡಕರುಳಿನ ಕ್ಯಾನ್ಸರ್ ಬಹುಮಟ್ಟಿಗೆ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಆರಂಭವಾಗಿ, ಹಲವು ವರ್ಷ ನೋವಿಲ್ಲದೆ ಬೆಳೆಯುತ್ತದೆ. ಮಲದಲ್ಲಿ ರಕ್ತ ಕಂಡರೂ ಮೂಲವ್ಯಾಧಿಯೆಂದು ಭಾವಿಸಿ ಸುಮ್ಮನಾಗುವವರುಂಟು. ಆದುದರಿಂದ ರೋಗವನ್ನು ಮೊದಲೇ ಸೂಚಿಸಬಲ್ಲ ಸರಳ ಪರೀಕ್ಷೆಗೆ ವಿಶೇಷ ಮಹತ್ವವಿದೆ.

ಈ ದಿಸೆಯಲ್ಲಿ ಕರುಳಿನ ಬ್ಯಾಕ್ಟೀರಿಯಾಗಳು ಗಮನ ಸೆಳೆದಿವೆ. ಸಾಮಾನ್ಯವಾಗಿ ಬಾಯಿಯಲ್ಲಿ ವಾಸಿಸುವ ಫ್ಯೂಸೊಬ್ಯಾಕ್ಟೀರಿಯಂ ನ್ಯೂಕ್ಲಿಯೇಟಮ್ ಈ ಗಡ್ಡೆಗಳಲ್ಲಿ ಅಧಿಕವಾಗಿರುವುದನ್ನು 2012ರಲ್ಲಿ ಕೆನಡಾ ಹಾಗೂ ಅಮೆರಿಕದ ತಂಡಗಳು ಪ್ರತ್ಯೇಕವಾಗಿ ವರದಿ ಮಾಡಿದವು. ಇ. ಕೊಲೈನ ಕೆಲವು ತಳಿಗಳು ಉತ್ಪಾದಿಸುವ ಕೊಲಿಬ್ಯಾಕ್ಟಿನ್ ಎಂಬ ವಿಷವಸ್ತು ಜೀವಕೋಶದ ಡಿಎನ್‌ಎಯಲ್ಲಿ ವಿಶಿಷ್ಟ ಗುರುತನ್ನು ಉಳಿಸುವುದೆಂದು 2020ರಲ್ಲಿ ತಿಳಿದುಬಂದಿತು. ಇಂತಹ ಬ್ಯಾಕ್ಟೀರಿಯಾಗಳ ಪ್ರಮಾಣವನ್ನು ಮಲದ ಮಾದರಿಯಲ್ಲಿ ಅಳೆಯಬಹುದು.

ಆದರೆ ಕರುಳಿನ ಜೀವಿಸಮೂಹವು ಆಹಾರಕ್ಕೆ ಅನುಗುಣವಾಗಿ ಬದಲಾಗುತ್ತದೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮೊದಲಾದ ತಾಲ್ಲೂಕುಗಳಲ್ಲಿ ರಾಗಿಮುದ್ದೆ, ಹುರುಳಿ ಮತ್ತು ಅವರೆಯ ಸಾರು ಜನರ ವಾಡಿಕೆಯ ಊಟ. ಇವುಗಳಲ್ಲಿನ ನಾರಿನಂಶವನ್ನು ಬ್ಯಾಕ್ಟೀರಿಯಾಗಳು ಹುದುಗಿಸಿ, ದೊಡ್ಡಕರುಳಿನ ಒಳಪದರಕ್ಕೆ ಇಂಧನವಾಗುವ ಬ್ಯುಟಿರೇಟ್ ಅನ್ನು ತಯಾರಿಸುತ್ತವೆ. ಹೀಗಿರುವಾಗ ಅನ್ಯದೇಶದವರಲ್ಲಿ ನಿಗದಿಯಾದ ಮಿತಿಗಳನ್ನು ಇಲ್ಲಿಗೆ ನೇರವಾಗಿ ಅನ್ವಯಿಸುವುದು ಉಚಿತವಲ್ಲ. ಇಲ್ಲಿನ ಆರೋಗ್ಯವಂತರ ಹಾಗೂ ರೋಗಿಗಳ ಮಾದರಿಗಳನ್ನು ಹೋಲಿಸಿಯೇ ಅವುಗಳನ್ನು ಗೊತ್ತುಪಡಿಸಬೇಕು.

ಈ ಸೂಚಕಗಳಿಂದಲೇ ರೋಗ ನಿರ್ಣಯವಾಗದು. ಕೊಲೊನೋಸ್ಕೋಪಿ ಮತ್ತು ಅಂಗಾಂಶ ಪರೀಕ್ಷೆ ಅನಿವಾರ್ಯ. ಕೊಲೊನೋಸ್ಕೋಪಿ ಪ್ರತಿ ಹಳ್ಳಿಗೂ ಬರಲಾರದು. ಮಲದ ಮಾದರಿಯಾದರೋ ಯಾವ ಹಳ್ಳಿಯಿಂದಲೂ ಪ್ರಯೋಗಾಲಯವನ್ನು ತಲುಪಬಲ್ಲದು. ಯಾರನ್ನು ಮೊದಲು ಆಸ್ಪತ್ರೆಗೆ ಕಳುಹಿಸಬೇಕೆಂಬುದನ್ನು ತಿಳಿಸುವಲ್ಲಿಯೇ ಈ ಸೂಚಕಗಳ ನಿಜವಾದ ಉಪಯುಕ್ತತೆ ಅಡಗಿದೆ. ಅಲ್ಲಿಯವರೆಗೂ ಮಲದಲ್ಲಿ ಕಾಣುವ ರಕ್ತವೇ ಕಡೆಗಣಿಸಬಾರದ ಸೂಚನೆ.