ಎರಡು ವರ್ಷದ ಲೆಕ್ಕದ ಸಂಸಾರ

ಸಿಂಗಪುರದಲ್ಲಿ ಕೆಲಸ ಸಿಕ್ಕಿ ಹೆಂಡತಿ ಮಕ್ಕಳೊಂದಿಗೆ ಹೊರಟವರಿಗೆ ನೆಂಟರಿಷ್ಟರು ಹೇಳುವ ಬುದ್ಧಿಮಾತಿನಲ್ಲಿ ಮುಕ್ಕಾಲು ಪಾಲು ಸೆಕೆ, ಸೊಳ್ಳೆ ಮತ್ತು ಊಟದ್ದೇ ಇರುತ್ತದೆ. ಭೂಮಧ್ಯರೇಖೆಯಿಂದ ಒಂದೂಕಾಲು ಡಿಗ್ರಿಯಷ್ಟೇ ಉತ್ತರಕ್ಕಿರುವ ದ್ವೀಪವಾದ್ದರಿಂದ ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಎರಡು ವರ್ಷಕ್ಕೆಂದು ಹೋಗಿ ಹಲವು ವರ್ಷ ಉಳಿದುಬಿಡುವ ಇಂಥ ಸಂಸಾರಗಳ ದಿನಚರಿಯನ್ನು ಆಳುವುದು ಅಲ್ಲಿನ ಹವೆಯಲ್ಲ, ಕೆಲಸದ ಪಾಸಿನ ಅವಧಿ. ಮನೆ, ಶಾಲೆ, ಹೆಂಡತಿಯ ಉದ್ಯೋಗ, ಅಜ್ಜಿ ತಾತಂದಿರು ಬಂದುಹೋಗುವುದು, ಎಲ್ಲದರ ಲೆಕ್ಕವೂ ಅಲ್ಲಿಂದಲೇ ಶುರುವಾಗುತ್ತದೆ. ಆ ಲೆಕ್ಕ ಎಷ್ಟೋ ಸಲ ತಪ್ಪು ಲೆಕ್ಕ ಎಂಬುದೇ ಇಲ್ಲಿ ಹೇಳಹೊರಟಿರುವ ವಿಷಯ.

ಮೊದಲು ಹವೆಯ ಮಾತು ಮುಗಿಸೋಣ. ಮಂಗಳೂರು, ಉಡುಪಿಯವರಿಗೆ ಬೆವರು ಹೊಸದಲ್ಲ. ಮಳೆ ಕೂಡ ಕರಾವಳಿಯಲ್ಲೇ ಹೆಚ್ಚು. ಸಿಂಗಪುರದ ವಾರ್ಷಿಕ ಸರಾಸರಿ 2,100 ಮಿ.ಮೀ. ಸುಮಾರು. ವ್ಯತ್ಯಾಸವೆಂದರೆ ಕರಾವಳಿಯ ಮಳೆಗೆ ಜೂನ್ ಇದೆ, ಸೆಪ್ಟೆಂಬರ್ ಇದೆ, ಆಮೇಲೆ ಒಣ ತಿಂಗಳುಗಳಿವೆ. ಸಿಂಗಪುರದಲ್ಲಿ ಅತಿ ಕಡಿಮೆ ಮಳೆಯ ಫೆಬ್ರವರಿಯಲ್ಲೂ ನೂರು ಮಿ.ಮೀ. ಆಸುಪಾಸು ಸುರಿಯುತ್ತದೆ. ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಹತ್ತು ನಿಮಿಷದ ಅಂತರವಿಲ್ಲ. ಬೆಚ್ಚನೆ ಬಟ್ಟೆ ಕಟ್ಟಿಡುವ ಕಾಲ, ಹಪ್ಪಳ ಸಂಡಿಗೆ ಒಣಗಿಸುವ ಕಾಲ ಎಂದು ಮನೆವಾರ್ತೆಯನ್ನು ಭಾಗ ಮಾಡಿಕೊಡುವ ಋತುವೇ ಇಲ್ಲ. ಕಪಾಟಿನಲ್ಲಿ ಎರಡು ತಿಂಗಳು ಮುಟ್ಟದೆ ಬಿಟ್ಟ ಚರ್ಮದ ಬೆಲ್ಟಿನ ಮೇಲೆ ಬಿಳಿ ಬೂಷ್ಟು ಪುಡಿಪುಡಿಯಾಗಿ ಹಬ್ಬಿರುತ್ತದೆ. ಒರೆಸಿದರೆ ಹೋಗುತ್ತದೆ, ಮತ್ತೆ ಬರುತ್ತದೆ. ಹಳೆಯ ಸರ್ಕಾರಿ ಫ್ಲ್ಯಾಟುಗಳಲ್ಲಿ ಬಟ್ಟೆ ಒಣಹಾಕುವುದು ಅಡುಗೆಮನೆ ಕಿಟಕಿಯಿಂದ ಹೊರಚಾಚುವ ಗಳದ ಮೇಲೆ. ಮಧ್ಯಾಹ್ನದ ಗುಡುಗು ಕೇಳಿದೊಡನೆ ಗಳ ಒಳಗೆಳೆದುಕೊಳ್ಳಬೇಕು. ಡೆಂಗಿ ಹಬ್ಬಿದ ಬಡಾವಣೆಯಲ್ಲಿ ಪರಿಸರ ಇಲಾಖೆಯವರು ಬಾಗಿಲು ತಟ್ಟಿ ಹೂಕುಂಡದ ತಟ್ಟೆಯಲ್ಲಿ ನಿಂತ ನೀರನ್ನೂ ಟಾರ್ಚ್ ಹಿಡಿದು ನೋಡುತ್ತಾರೆ; ಲಾರ್ವಾ ಸಿಕ್ಕಿದರೆ ದಂಡ. ಊಟದ ಚಿಂತೆಯಂತೂ ಇನ್ನೂ ಸಣ್ಣದು. ಲಿಟಲ್ ಇಂಡಿಯಾದ ಟೆಕ್ಕಾ ಮಾರುಕಟ್ಟೆಯಲ್ಲಿ ಕರಿಬೇವು, ನುಗ್ಗೆಕಾಯಿ, ತುರಿದ ತೆಂಗಿನಕಾಯಿ ಎಲ್ಲ ಸಿಗುತ್ತವೆ. ಇವೆಲ್ಲ ಕೆಲವೇ ತಿಂಗಳಲ್ಲಿ ಕೈಗೆ ಒಗ್ಗುವ ಕೆಲಸಗಳು.

ಪಾಸಿನ ಕತೆ ಹಾಗಲ್ಲ. ಹೊರದೇಶದ ವೃತ್ತಿಪರರಿಗೆ ಕೊಡುವ ಎಂಪ್ಲಾಯ್‌ಮೆಂಟ್ ಪಾಸ್ ಮೊದಲ ಸಲ ಸಾಮಾನ್ಯವಾಗಿ ಹೆಚ್ಚೆಂದರೆ ಎರಡು ವರ್ಷಕ್ಕೆ, ನವೀಕರಣವಾದರೆ ಮೂರು ವರ್ಷದವರೆಗೆ. ಹೆಂಡತಿ ಮಕ್ಕಳ ಡಿಪೆಂಡೆಂಟ್ ಪಾಸ್ ಇದಕ್ಕೇ ಜೋತುಬಿದ್ದಿರುತ್ತದೆ. ಕೆಲಸ ಹೋಯಿತೆಂದರೆ ಪಾಸು ರದ್ದು, ಮನೆಮಂದಿಗೆಲ್ಲ ಸಾಮಾನ್ಯವಾಗಿ ಮೂವತ್ತು ದಿನ. ಬಾಡಿಗೆ ಕರಾರೂ ಈ ಅಳತೆಗೇ ಹೊಲಿಸಿದ ಬಟ್ಟೆ. ಎರಡು ವರ್ಷದ ಕರಾರಿನಲ್ಲಿ ಒಂದು ವರ್ಷ ಕಳೆದ ಮೇಲೆ ವರ್ಗವಾದರೆ ಅಥವಾ ಕೆಲಸ ಹೋದರೆ ಎರಡು ತಿಂಗಳ ನೋಟಿಸು ಕೊಟ್ಟು ಬಿಡಬಹುದೆಂಬ ಷರತ್ತನ್ನು ಬಾಡಿಗೆದಾರರು ತಪ್ಪದೆ ಬರೆಸಿಕೊಳ್ಳುತ್ತಾರೆ. ಅದಕ್ಕೆ ಅಲ್ಲಿ ಡಿಪ್ಲೊಮ್ಯಾಟಿಕ್ ಕ್ಲಾಜ್ ಎಂದು ಹೆಸರು, ಸಹಿ ಹಾಕುವವರು ಸಾಫ್ಟ್‌ವೇರ್ ಎಂಜಿನಿಯರುಗಳಾದರೂ. ಹೀಗೆ ಹೊರಡುವ ದಾರಿಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವುದಕ್ಕೂ ಯೋಚನೆ, ಒಳ್ಳೆಯ ಮಂಚ ಕೊಳ್ಳುವುದಕ್ಕೂ ಯೋಚನೆ.

ಈ ಲೆಕ್ಕದ ದುಬಾರಿ ಬೆಲೆ ತೆರುವವರು ಹೆಚ್ಚಾಗಿ ಹೆಂಡತಿಯರು. 2021ರ ಮೇ ತಿಂಗಳಿಗೆ ಮುಂಚೆ ಡಿಪೆಂಡೆಂಟ್ ಪಾಸಿನ ಮೇಲೆ ಬಂದವರು ಒಂದು ಒಪ್ಪಿಗೆ ಪತ್ರ ಪಡೆದು ಕೆಲಸಕ್ಕೆ ಸೇರಬಹುದಿತ್ತು. ಆಮೇಲೆ, ಸ್ವಂತ ಉದ್ಯಮ ನಡೆಸುವ ಕೆಲವರನ್ನು ಬಿಟ್ಟರೆ, ಉಳಿದವರು ತಾವೂ ಪೂರ್ತಿ ಅರ್ಹತೆಯ ಪ್ರತ್ಯೇಕ ಕೆಲಸದ ಪಾಸು ಗಿಟ್ಟಿಸಬೇಕು. ಅರೆಹೊತ್ತಿನ ಶಿಕ್ಷಕಿಯ ಕೆಲಸಕ್ಕೆ ಆ ಮಟ್ಟದ ಸಂಬಳ ಯಾರು ಕೊಡುತ್ತಾರೆ? ‘ಎರಡು ವರ್ಷ ತಾನೇ, ಮಕ್ಕಳನ್ನು ನೋಡಿಕೊಂಡರಾಯಿತು’ ಎಂದು ಬೆಂಗಳೂರಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದವರಿಗೆ ಪಾಸು ಎರಡನೇ ಸಲ ನವೀಕರಣವಾಗುವ ಹೊತ್ತಿಗೆ ಅನುಭವಪತ್ರ ಹಳತಾಗಿರುತ್ತದೆ. ಹಿರಿಯರ ನೆರವಿಗೂ ಸಂಬಳದ ಗೆರೆಯಿದೆ. ತಂದೆತಾಯಿಯರನ್ನು ದೀರ್ಘಾವಧಿ ಪಾಸಿನ ಮೇಲೆ ಕರೆಸಿಕೊಳ್ಳಲು ತಿಂಗಳಿಗೆ 12,000 ಸಿಂಗಪುರ ಡಾಲರ್ ಸಂಬಳವಿರಬೇಕು. ಉಳಿದವರ ಮನೆಗೆ ಬಾಣಂತನಕ್ಕೆ ಬಂದ ತಾಯಿ ಭೇಟಿ ವೀಸಾದಲ್ಲಿ ಕೆಲವು ವಾರ ಇದ್ದು ಹೊರಡಬೇಕು.

ಶಾಲೆಯ ವಿಷಯದಲ್ಲೂ ಇದೇ ಕತೆ. ವಾಪಸು ಹೋಗುವವರೆಂಬ ಕಾರಣಕ್ಕೆ ಅನೇಕರು ಸಿಬಿಎಸ್‌ಇ ಪಠ್ಯದ ಭಾರತೀಯ ಶಾಲೆಗಳನ್ನೇ ಹಿಡಿಯುತ್ತಾರೆ. ಅದು ಬುದ್ಧಿವಂತಿಕೆಯೇ. ಆದರೆ ಮಗು ಸಿಂಗಪುರದಲ್ಲಿ ಬೆಳೆದೂ ಚೀನೀ, ಮಲಯ್ ಗೆಳೆಯರಿಲ್ಲದೆ ಬೆಳೆಯುತ್ತದೆ. ಸರ್ಕಾರಿ ಶಾಲೆ ಸುಲಭದ ಬಾಗಿಲಲ್ಲ: ಒಂದನೇ ತರಗತಿಗೆ ನಾಗರಿಕರು, ಕಾಯಂ ನಿವಾಸಿಗಳೆಲ್ಲ ಮುಗಿದ ಮೇಲೆ ಸರದಿ, ಮೇಲಿನ ತರಗತಿಗಳಿಗೆ ಪ್ರವೇಶ ಪರೀಕ್ಷೆ, ವಿದೇಶಿ ಮಕ್ಕಳಿಗೆ ಹೆಚ್ಚಿನ ಶುಲ್ಕ. ಸೂರ್ಯ ಹುಟ್ಟುವುದೇ ಏಳರ ಆಸುಪಾಸಿನಲ್ಲಾದ್ದರಿಂದ ಮಕ್ಕಳು ಬಸ್ಸು ಹತ್ತುವುದು ಕತ್ತಲಲ್ಲಿ. ಸರ್ಕಾರಿ ಶಾಲೆಯಲ್ಲಿ ಮಾತೃಭಾಷೆಯ ವಿಷಯ ಕಡ್ಡಾಯ. ತಮಿಳಿನ ಜೊತೆಗೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ, ಕನ್ನಡವಿಲ್ಲ. ಕನ್ನಡದ ಮನೆಯ ಹುಡುಗ ಮಾತೃಭಾಷೆಯ ಪೀರಿಯಡ್ಡಿನಲ್ಲಿ ಸಾಮಾನ್ಯವಾಗಿ ಹಿಂದಿಯನ್ನೋ ತಮಿಳನ್ನೋ ಬರೆಯುತ್ತಾನೆ. ಕನ್ನಡ ಉಳಿದರೆ ಅದು ಮನೆ ಮತ್ತು ಕನ್ನಡ ಸಂಘದ ಪುಣ್ಯ.

ಒಳ್ಳೆಯ ಸಂಬಳದವರ ಗೋಳಾಟ ಇದು ಎಂದು ಯಾರಾದರೂ ಅಂದರೆ ಆ ಮಾತಿನಲ್ಲಿ ಹುರುಳಿದೆ. ಅದೇ ಊರಿನ ಕಟ್ಟಡಗಳನ್ನು ಕಟ್ಟುವ, ವರ್ಕ್ ಪರ್ಮಿಟ್ಟಿನ ಕಾರ್ಮಿಕರಿಗೆ ಸಂಸಾರ ಕರೆತರುವ ಹಕ್ಕೇ ಇಲ್ಲ. ತಿಂಗಳಿಗೆ 6,000 ಡಾಲರಿಗಿಂತ ಕಡಿಮೆ ಸಂಬಳದವರಿಗೂ ಡಿಪೆಂಡೆಂಟ್ ಪಾಸ್ ಸಿಗುವುದಿಲ್ಲ. ಅವರ ಕಷ್ಟದ ಮುಂದೆ ಇದು ಏನೂ ಅಲ್ಲ. ಆದರೂ ಅನುಕೂಲವಂತರು ತಮ್ಮ ಕೈಯಲ್ಲಿರುವ ಆಯ್ಕೆಗಳನ್ನು ತಪ್ಪು ಅವಧಿ ನೋಡಿ ಮಾಡುತ್ತಾರೆಂಬುದು ಬೇರೆಯೇ ಪ್ರಶ್ನೆ. ಅಷ್ಟು ಅಳುಕಾದರೆ ಕಾಯಂ ನಿವಾಸ ಪಡೆಯಬಹುದಲ್ಲ ಎಂಬ ಮಾತೂ ಇದೆ. ಅದೂ ಅರ್ಜಿ ಹಾಕಿದೊಡನೆ ಸಿಗುವಂಥದ್ದಲ್ಲ. ಸಿಕ್ಕರೂ, ತಂದೆಯ ಜೊತೆ ಕಾಯಂ ನಿವಾಸಿಯಾದ ಮಗ ದೊಡ್ಡವನಾದಾಗ ಎರಡು ವರ್ಷ ಕಡ್ಡಾಯ ಸೈನಿಕ ಸೇವೆ ಮಾಡಬೇಕು. ಗಂಡುಮಕ್ಕಳಿರುವ ಎಷ್ಟೋ ಮನೆಗಳು ಅರ್ಜಿ ಮುಂದೂಡುವುದು ಇದೇ ಕಾರಣಕ್ಕೆ.

ಹಾಗಾದರೆ ನೋಡಬೇಕಾದ ಅವಧಿ ಯಾವುದು? ಮಕ್ಕಳಿರುವ ಕನ್ನಡದ ಮನೆಗಳಿಗೆ ಅದನ್ನು ಸಿಂಗಪುರಕ್ಕಿಂತ ಹೆಚ್ಚಾಗಿ ಕರ್ನಾಟಕವೇ ಗೊತ್ತುಮಾಡಿದೆ. ಸಿಇಟಿ ಮೂಲಕ ಸರ್ಕಾರಿ ಸೀಟು ಬೇಕಾದರೆ ಮಗು ಏಳು ವರ್ಷವಾದರೂ ರಾಜ್ಯದಲ್ಲಿ ಓದಿರಬೇಕೆಂಬುದು ಮುಖ್ಯ ನಿಯಮ. ಅದು ತಪ್ಪಿದವರಿಗೆ ಇನ್ನೊಂದು ದಾರಿಯಿದೆ: ತಂದೆ ಅಥವಾ ತಾಯಿ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದು, ಮಗು ಪಿಯುಸಿಯ ಎರಡೂ ವರ್ಷ ಇಲ್ಲೇ ಓದಿರಬೇಕು. ಅಂದರೆ ಗಡುವು ಪ್ರಥಮ ಪಿಯುಸಿ. ಎಂಟು ವರ್ಷದ ಮಗುವಿರುವ ಮನೆಗೆ ಅದು ಇನ್ನೂ ಏಳೆಂಟು ವರ್ಷ ದೂರ. ಅಷ್ಟರಲ್ಲಿ ಬಾಡಿಗೆ ಕರಾರನ್ನು ಮೂರ್ನಾಲ್ಕು ಸಲ ಬರೆಸಬೇಕಾಗುತ್ತದೆ; ತಾಯಿಗೆ ತನ್ನದೇ ಕೆಲಸದ ಪಾಸಿಗೆ ಬೇಕಾದ ವಿದ್ಯಾರ್ಹತೆ ಸಂಪಾದಿಸಿ ಕೆಲಸ ಹುಡುಕಲು ಆ ಅವಧಿ ಧಾರಾಳ ಸಾಕು.