ಥೇಮ್ಸ್ ದಾಟಲು ಎಷ್ಟು ಸೆಕೆಂಡ್ ಬೇಕು?

ಲಂಡನ್ನಿನಲ್ಲಿ ಕೆಲಸದಲ್ಲಿರುವ ಓದುಗರೊಬ್ಬರು ಪ್ರಶ್ನೆ ಕಳಿಸಿದ್ದಾರೆ. ಅವರ ಕಚೇರಿಯ ಇಪ್ಪತ್ತು ಮಂದಿ ಸಹಾಯಾರ್ಥ ಕಾರ್ಯಕ್ರಮವೊಂದರಲ್ಲಿ ಥೇಮ್ಸ್ ನದಿಗೆ ಕಯಾಕ್ ಇಳಿಸಲಿದ್ದಾರಂತೆ. 'ನಾನು ತುಂಗಾ ಹೊಳೆಯಲ್ಲಿ ಈಜು ಕಲಿತವನು. ಲೈಫ್ ಜಾಕೆಟ್ ನನಗೂ ಕಡ್ಡಾಯವೆ? ದೊಡ್ಡ ದೋಣಿ ಎದುರಾದರೆ ಪಕ್ಕಕ್ಕೆ ಸರಿದುಕೊಂಡರೆ ಸಾಲದೆ?' ಎಂದು ಕೇಳಿದ್ದಾರೆ.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಸಾಲದು. ಜನನಿಬಿಡ ನದಿಯಲ್ಲಿ ತೋಳ್ಬಲಕ್ಕಿಂತ ಗಡಿಯಾರವೇ ಹೆಚ್ಚು ಕೆಲಸಕ್ಕೆ ಬರುತ್ತದೆ. ನೀರು ಯಾವಾಗ ತಿರುಗುತ್ತದೆ, ಆಚೆ ದಡ ಮುಟ್ಟಲು ಎಷ್ಟು ಹೊತ್ತು ಬೇಕು, ಹಡಗು ಹೋದ ಎಷ್ಟು ಸೆಕೆಂಡಿಗೆ ಅಲೆ ಬರುತ್ತದೆ, ತಣ್ಣೀರಿಗೆ ಬಿದ್ದವನ ಉಸಿರು ಯಾವಾಗ ಹತೋಟಿಗೆ ಸಿಗುತ್ತದೆ ಎಂಬುದೆಲ್ಲ ಲೆಕ್ಕಕ್ಕೆ ಸಿಗುವ ಸಂಗತಿ. ದೋಣಿ ಹತ್ತಿಸುವ ಮುನ್ನ ಈ ಲೆಕ್ಕವನ್ನು ಯಾರೂ ಹೇಳಿಕೊಡುವುದಿಲ್ಲ. ಜಾಕೆಟ್ ಬಿಗಿದು, ಗುಂಪಿನ ಫೋಟೊ ತೆಗೆದು, ಕಳಿಸಿಬಿಡುತ್ತಾರೆ.

ಥೇಮ್ಸ್ ಲಂಡನ್ನಿನ ಒಳಗೆ ಅರ್ಧ ಸಮುದ್ರವೇ ಸರಿ. ಟೆಡಿಂಗ್ಟನ್ನಿನಲ್ಲಿ ನೀರು ತಡೆಯುವ ಲಾಕ್‌ವರೆಗೂ ಉಬ್ಬರವಿಳಿತ ನುಗ್ಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಲಂಡನ್ ಬ್ರಿಜ್ ಬಳಿ ನೀರಿನ ಮಟ್ಟ ಸುಮಾರು ಏಳು ಮೀಟರ್ ಏರಿಳಿಯುತ್ತದೆ. ನಮ್ಮ ಮಂಗಳೂರಿನಲ್ಲಿ ಒಂದೂವರೆ ಮೀಟರಿನ ಆಸುಪಾಸು ಏರಿಳಿದರೆ ಹೆಚ್ಚು. ಥೇಮ್ಸ್ ನದಿಯ ಅಷ್ಟೂ ನೀರು ಸುಮಾರು ಆರು ಗಂಟೆಯಲ್ಲಿ ಒಳಗೆ ಬಂದು, ಮತ್ತೆ ಸುಮಾರು ಆರು ಗಂಟೆಯಲ್ಲಿ ಹೊರಗೆ ಹೋಗಬೇಕು. ಸೆಳೆತ ಮೂರು, ನಾಲ್ಕು ನಾಟ್ ಇರುವುದು ಸಾಮಾನ್ಯ. ಒಂದು ನಾಟ್ ಎಂದರೆ ಗಂಟೆಗೆ 1.85 ಕಿ.ಮೀ. ಹೊಸಬರು ಕಯಾಕಿನಲ್ಲಿ ಹುಟ್ಟು ಹಾಕುವುದು ಹೆಚ್ಚೆಂದರೆ ಮೂರು ನಾಟ್ ವೇಗದಲ್ಲಿ. ಇಳಿತಕ್ಕೆ ಎದುರಾಗಿ ಹೊರಟವರು ಬೆವರು ಸುರಿಸುತ್ತ ಹಿಂದಕ್ಕೇ ಹೋಗುತ್ತಿರುತ್ತಾರೆ.

ಆದ್ದರಿಂದ ಅಲ್ಲಿ ಎಲ್ಲ ಸಾಮೂಹಿಕ ಜಲಯಾನವೂ ಉಬ್ಬರದ ಪಂಚಾಂಗ ನೋಡಿಯೇ ನಿಗದಿಯಾಗುತ್ತದೆ. 1988ರಿಂದ ನಡೆದು ಬಂದಿರುವ 'ಗ್ರೇಟ್ ರಿವರ್ ರೇಸ್' ಮಿಲ್‌ವಾಲ್‌ನಿಂದ ಹ್ಯಾಮ್‌ವರೆಗೆ 21.6 ಮೈಲಿ, ಅಂದರೆ ಸುಮಾರು 35 ಕಿ.ಮೀ., ನದಿಯ ಮೇಲ್ಮುಖವಾಗಿಯೇ ಸಾಗುತ್ತದೆ. ಒಳನುಗ್ಗುವ ಉಬ್ಬರ ದೋಣಿಗಳನ್ನು ಬೆನ್ನ ಮೇಲೆ ಹೊತ್ತು ತರುತ್ತದೆ. ನಿಧಾನದ ದೋಣಿಗಳನ್ನು ಮೊದಲು ಬಿಟ್ಟು, ವೇಗದವನ್ನು ಕೊನೆಗೆ ಬಿಡುವುದು ಅಲ್ಲಿನ ಪದ್ಧತಿ. ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೆ ಮುಟ್ಟಲಿ ಎಂಬ ಉದ್ದೇಶ ಚೆಂದವೇ. ಆದರೆ ಕೊನೆಯ ಮೈಲಿಗಳಲ್ಲಿ ಹಿಂದಿನವರು ಮುಂದಿನವರನ್ನು ಹಾಯುವ ನೂಕುನುಗ್ಗಲೂ ಅದರ ಜೊತೆಗೇ ಬರುತ್ತದೆ.

ಇನ್ನು ನದಿ ದಾಟುವ ಲೆಕ್ಕ. ಅದನ್ನು ಕುರಿಗಾಹಿಯಿಂದಲೇ ಕಲಿಯಬಹುದು. ಹಿರಿಯೂರು, ಚಳ್ಳಕೆರೆ ಕಡೆ ಕುರಿಹಿಂಡು ಹೆದ್ದಾರಿ ದಾಟುವುದನ್ನು ಬಸ್ಸಿನ ಕಿಟಕಿಯಿಂದಲಾದರೂ ನೀವು ನೋಡಿರುತ್ತೀರಿ. ಒಳ್ಳೆಯ ಕುರಿಗಾಹಿ ಹಿಂಡನ್ನು ರಸ್ತೆಯಂಚಿಗೆ ತಂದು ಒತ್ತಟ್ಟಿಗೆ ನಿಲ್ಲಿಸುತ್ತಾನೆ. ಹಿಂದೆ ಉಳಿದ ಕುಂಟು ಕುರಿಯೂ ಬಂದು ಸೇರುವ ತನಕ ಮುಂದಿನ ಟಗರು ಕದಲುವಂತಿಲ್ಲ. ಎರಡೂ ಕಡೆ ನೋಡಿ ಅವನು ಕೂಗು ಹಾಕಿದರೆ ಹಿಂಡು ಅಗಲವಾಗಿ ಒಟ್ಟಿಗೇ ರಸ್ತೆಗಿಳಿದು ಒಟ್ಟಿಗೇ ಆಚೆ ಹತ್ತುತ್ತದೆ. ಕಲಿಯುವ ಹುಡುಗನ ಕೈಗೆ ಕೋಲು ಕೊಟ್ಟು ನೋಡಿ: ಒಂದರ ಹಿಂದೊಂದು ಹರಿಬಿಡುತ್ತಾನೆ. ಲಾರಿಯವನು ಮೊದಲ ಹತ್ತು ಕುರಿಗೆ ನಿಲ್ಲುತ್ತಾನೆ, ನಡುವೆ ತೆರಪು ಕಂಡಾಗ ಗೇರು ಬದಲಿಸುತ್ತಾನೆ, ಹನ್ನೊಂದನೆಯದು ಆಗ ಓಡಿ ಬರುತ್ತದೆ. ಹಿಂಡು ಎರಡು ತುಂಡಾದರಂತೂ ಈಚೆ ಉಳಿದ ಮರಿಗಳು ಆಚೆಯ ತಾಯಿಯ ದನಿ ಕೇಳಿ ಯಾವ ಲಾರಿಯನ್ನೂ ಲೆಕ್ಕಿಸುವುದಿಲ್ಲ. ಅದಕ್ಕೇ ಅನುಭವಿಗಳು ಮುಂದೊಬ್ಬ, ಹಿಂದೊಬ್ಬ ಇಲ್ಲದೆ ಹಿಂಡು ಹೊರಡಿಸುವುದಿಲ್ಲ.

ಕಯಾಕುಗಳಿಗೆ ಇದನ್ನೇ ಸಂಖ್ಯೆಯಲ್ಲಿ ಹೇಳಿ ನೋಡೋಣ. ಹಡಗುಗಳು ಓಡಾಡುವ ನಡುದಾರಿಯ ಅಗಲ 100 ಮೀಟರ್ ಎಂದಿಟ್ಟುಕೊಳ್ಳಿ. ನಿಮ್ಮ ವೇಗ ಸೆಕೆಂಡಿಗೆ ಒಂದೂವರೆ ಮೀಟರ್. ಇಪ್ಪತ್ತೂ ದೋಣಿ ಅಕ್ಕಪಕ್ಕ ಒತ್ತಾಗಿ ಹೊರಟರೆ 67 ಸೆಕೆಂಡಿನಲ್ಲಿ ಆಚೆ. ಹತ್ತು ಹತ್ತು ಮೀಟರ್ ಅಂತರ ಬಿಟ್ಟು ಸಾಲಾಗಿ ಹೊರಟರೆ ಬಾಲವೇ 190 ಮೀಟರ್ ಆಗುತ್ತದೆ. ಕೊನೆಯವರು ದಾಟುವ ಹೊತ್ತಿಗೆ ಮೂರು ನಿಮಿಷ ಮೀರಿರುತ್ತದೆ. 12 ನಾಟ್ ವೇಗದ ಹಡಗು ಸೆಕೆಂಡಿಗೆ ಆರು ಮೀಟರ್ ಕ್ರಮಿಸುತ್ತದೆ. ಮೊದಲ ಲೆಕ್ಕದಲ್ಲಿ ನಿಮಗೆ 400 ಮೀಟರ್ ಖಾಲಿ ನದಿ ಕಂಡರೆ ಸಾಕು, ಎರಡನೆಯದರಲ್ಲಿ ಸುಮಾರು 1,200 ಮೀಟರ್ ಬೇಕು. ಹೆಜ್ಜೆಹೆಜ್ಜೆಗೂ ಸೇತುವೆ, ತಿರುವು ಇರುವ ಥೇಮ್ಸ್‌ನಲ್ಲಿ 1,200 ಮೀಟರ್ ನೇರ ನೋಟ ಸಿಗುವ ಜಾಗಗಳೇ ಕಡಿಮೆ.

'ಹಡಗಿನವನು ನೋಡಿಕೊಳ್ಳುತ್ತಾನೆ ಬಿಡಿ' ಎನ್ನುವವರಿಗೆ ಇನ್ನೊಂದು ಲೆಕ್ಕವಿದೆ. ಚಾಲಕನ ಕಣ್ಣು ನೀರಿನಿಂದ ಎಂಟು ಮೀಟರ್ ಎತ್ತರದಲ್ಲಿದೆ, ಅವನಿಗಿಂತ 60 ಮೀಟರ್ ಮುಂದಿರುವ ಹಡಗಿನ ಮೂತಿ ನಾಲ್ಕು ಮೀಟರ್ ಎತ್ತರ ಇದೆ ಎನ್ನಿ. ಅವನ ನೋಟ ಮೂತಿಯನ್ನು ಸವರಿಕೊಂಡು ನೀರನ್ನು ಮುಟ್ಟುವುದು ಅಲ್ಲಿಂದ ಇನ್ನೂ 60 ಮೀಟರ್ ಆಚೆ. ನಡುವಿನ ನೀರು, ಅದರ ಮೇಲಿನ ಕಯಾಕು ಅವನ ಪಾಲಿಗೆ ಇಲ್ಲವೇ ಇಲ್ಲ. 1989ರ ಆಗಸ್ಟ್ 20ರ ನಸುಕಿಗೂ ಮುಂಚೆ, ಹುಟ್ಟುಹಬ್ಬದ ಪಾರ್ಟಿ ನಡೆಯುತ್ತಿದ್ದ 'ಮಾರ್ಷನೆಸ್' ಎಂಬ ವಿಹಾರದೋಣಿಗೆ ಕ್ಯಾನನ್ ಸ್ಟ್ರೀಟ್ ರೈಲು ಸೇತುವೆಯ ಬಳಿ 'ಬೋಬೆಲ್' ಎಂಬ ಮರಳೆತ್ತುವ ಹಡಗು ಹಿಂದಿನಿಂದ ಬಡಿಯಿತು. 51 ಮಂದಿ ಸತ್ತರು. ಎರಡೂ ಒಂದೇ ದಿಕ್ಕಿಗೆ ಹೋಗುತ್ತಿದ್ದವು. ಸರಿಯಾಗಿ ಕಣ್ಣಿಟ್ಟು ನೋಡುವವರಿರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಂತು. ಆ ದುರಂತದ ವಿಚಾರಣೆಗಳ ಫಲವಾಗಿಯೇ 2002ರಲ್ಲಿ ಥೇಮ್ಸ್ ಮೇಲೆ ಜೀವರಕ್ಷಕ ದೋಣಿಗಳ ನಾಲ್ಕು ಠಾಣೆಗಳು ಬಂದವು.

ಹಡಗುಗಳ ಜಾಗ ತೋರಿಸುವ ಆ್ಯಪ್‌ಗಳು ಈಗ ಎಲ್ಲರ ಫೋನಿನಲ್ಲೂ ಇವೆ. ನನಗೆ ಅವುಗಳ ಮೇಲೆ ದೊಡ್ಡ ನಂಬಿಕೆಯಿಲ್ಲ. ರೇಡಿಯೊ ಸಂಕೇತ ಕಳಿಸುವ ಸಾಧನವಿರುವ ಹಡಗು ಮಾತ್ರ ಅದರಲ್ಲಿ ಕಾಣುತ್ತದೆ, ಅದೂ ಕೆಲವೊಮ್ಮೆ ನಿಮಿಷಗಟ್ಟಲೆ ಹಳೆಯ ಜಾಗದಲ್ಲಿ. ನಿಮ್ಮ ಕಯಾಕಂತೂ ಹಡಗಿನವರ ಪರದೆಯಲ್ಲಿ ಕಾಣುವುದಿಲ್ಲ. ಒದ್ದೆ ಬೆರಳಿಗೆ ಫೋನು ಓಗೊಡುವುದೂ ಇಲ್ಲ.

ಈಗ ನನಗೆ ಬಲು ಇಷ್ಟದ ವಿಷಯಕ್ಕೆ ಬರುತ್ತೇನೆ: ಹಡಗು ಹೋದ ಮೇಲೆ ಬರುವ ಅಲೆ. ಪಕ್ಕಕ್ಕೆ ಸರಿದು ನಿಂತೆವಲ್ಲ ಎಂದು ನಿರಾಳವಾದವರನ್ನು ಮಗುಚುವುದು ಇದೇ.

ಹಡಗಿನ ಹಿಂದೆ ಎರಡೂ ಕಡೆ ಬಿಚ್ಚಿಕೊಳ್ಳುವ ಅಲೆಯ ರೆಕ್ಕೆಗಳನ್ನು ಎಲ್ಲರೂ ಕಂಡಿದ್ದೇವೆ. ಆ ರೆಕ್ಕೆ ಹಡಗಿನ ದಾರಿಯಿಂದ ಎಷ್ಟು ಓರೆಯಾಗಿರುತ್ತದೆ ಎಂದು ಲೆಕ್ಕ ಹಾಕಿದವರು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು. 1887ರ ಆಗಸ್ಟಿನಲ್ಲಿ ಎಡಿನ್‌ಬರೋದಲ್ಲಿ ಎಂಜಿನಿಯರುಗಳ ಮುಂದೆ ಅವರು ಹಡಗಿನ ಅಲೆಗಳ ಕುರಿತು ಉಪನ್ಯಾಸ ಕೊಟ್ಟರು. (ಉಬ್ಬರವಿಳಿತವನ್ನು ಮುಂಗಡ ಲೆಕ್ಕ ಹಾಕುವ ಹಲ್ಲುಗಾಲಿಗಳ ಯಂತ್ರವನ್ನು 1870ರ ದಶಕದಲ್ಲಿ ಕಟ್ಟಿಸಿದವರೂ ಇವರೇ. ಅದೇ ತತ್ವದ ಇನ್ನೊಂದು ಯಂತ್ರ 1879ರಲ್ಲಿ ಭಾರತದ ಬಂದರುಗಳಿಗೆಂದೇ ತಯಾರಾಯಿತು.) ಆಳ ನೀರಿನಲ್ಲಿ ಹಂಸ ಈಜಲಿ, ಹಡಗು ಓಡಲಿ, ರೆಕ್ಕೆಯ ಓರೆ ಒಂದೇ: 19 ಡಿಗ್ರಿ 28 ಮಿನಿಟು. ವೇಗ ಹೆಚ್ಚಿಸಿದರೂ ಬದಲಾಗುವುದಿಲ್ಲ.

ಇದು ಹೇಗೆ? ನೀರಿನ ಅಲೆಗಳಿಗೆ ಒಂದು ವಿಚಿತ್ರ ಗುಣವಿದೆ. ಅಲೆಯ ನೆತ್ತಿ ಎಷ್ಟು ವೇಗವಾಗಿ ಓಡುತ್ತದೋ ಅದರ ಅರ್ಧ ವೇಗದಲ್ಲಷ್ಟೇ ಅದರ ಶಕ್ತಿ ಸಾಗುತ್ತದೆ. ಹಡಗು ಒಂದು ಬಿಂದುವಿನಿಂದ ನಾಲ್ಕು ಅಳತೆ ಮುಂದೆ ಹೋಯಿತೆನ್ನಿ. ಆ ಬಿಂದುವಿನಲ್ಲಿ ಎದ್ದ ಅಲೆಗಳ ಶಕ್ತಿ ಈಗ ಒಂದು ವೃತ್ತದ ಮೇಲೆ ಹರಡಿರುತ್ತದೆ. ವೃತ್ತದ ಕೇಂದ್ರ ಹಡಗಿಗೆ ಮೂರು ಅಳತೆ ಹಿಂದೆ, ತ್ರಿಜ್ಯ ಒಂದು ಅಳತೆ. ದಾರಿಯುದ್ದಕ್ಕೂ ಇಂಥ ವೃತ್ತಗಳೇ. ಹಡಗಿನಿಂದ ಅವುಗಳಿಗೆ ಸ್ಪರ್ಶರೇಖೆ ಎಳೆದರೆ ಕೋನದ ಸೈನ್ ಮೂರನೇ ಒಂದು. ಹಡಗಿನ ವೇಗ ಲೆಕ್ಕದಿಂದಲೇ ಉದುರಿಹೋಯಿತು! ಶಾಲೆಯ ಕಂಪಾಸು ಸಾಕು, ಬರೆದು ನೋಡಿ.

ನಿಮಗೆ ಇದರಿಂದ ಆಗುವ ಉಪಯೋಗ ಇಷ್ಟು. 100 ಮೀಟರ್ ದೂರದಲ್ಲಿ 12 ನಾಟ್ ವೇಗದ ದೋಣಿ ನಿಮ್ಮನ್ನು ಹಾದುಹೋಯಿತು ಎನ್ನಿ. ರೆಕ್ಕೆ ನಿಮ್ಮನ್ನು ಮುಟ್ಟುವ ಹೊತ್ತಿಗೆ ದೋಣಿ 280 ಮೀಟರ್ ಮುಂದಿರುತ್ತದೆ, ಅಂದರೆ ಮುಕ್ಕಾಲು ನಿಮಿಷದ ನಂತರ. ಆ ಮುಕ್ಕಾಲು ನಿಮಿಷದಲ್ಲಿ ಜನ ಏನು ಮಾಡುತ್ತಾರೆ? ದೋಣಿಯವರಿಗೆ ಕೈಬೀಸುತ್ತಾರೆ, ಹುಟ್ಟನ್ನು ತೊಡೆಯ ಮೇಲಿಟ್ಟು ಹರಟುತ್ತಾರೆ. ಮಾಡಬೇಕಾದದ್ದು ಮೂತಿಯನ್ನು ಬರುವ ಅಲೆಯತ್ತ ತಿರುಗಿಸಿ, ಹುಟ್ಟನ್ನು ನೀರಿನಲ್ಲೇ ಆಡಿಸುತ್ತಿರುವುದು. ಒಬ್ಬರ ದೋಣಿ ಇನ್ನೊಬ್ಬರದಕ್ಕೆ ಬಡಿಯದಷ್ಟು ಸಂದು ಬಿಟ್ಟಿರಬೇಕು. ದಾಟುವಾಗ ಒತ್ತಾಗಿ, ಅಲೆಗೆ ಮಾತ್ರ ಸಡಿಲವಾಗಿ.

ಕೆಲ್ವಿನ್ನರ ಕೋನ ನೂರಿಪ್ಪತ್ತೈದು ವರ್ಷ ಹೆಚ್ಚುಕಡಿಮೆ ವೇದವಾಕ್ಯವಾಗಿತ್ತು. 2013ರಲ್ಲಿ ಫ್ರಾನ್ಸಿನ ಮಾರ್ಕ್ ರಾಬೊ ಮತ್ತು ಫ್ರೆಡರಿಕ್ ಮೊಯ್ಸಿ ಗೂಗಲ್ ಅರ್ತ್‌ನ ಉಪಗ್ರಹ ಚಿತ್ರಗಳಲ್ಲಿ ಹಡಗುಗಳ ರೆಕ್ಕೆಯನ್ನು ಅಳೆದರು. ಬಹಳ ವೇಗದ ದೋಣಿಗಳ ರೆಕ್ಕೆ ಕಿರಿದಾಗುತ್ತ ಹೋಗುವುದು ಕಂಡಿತು. ತನ್ನ ಉದ್ದಕ್ಕಿಂತ ತೀರಾ ಉದ್ದದ ಅಲೆಗಳನ್ನು ದೋಣಿ ಜೋರಾಗಿ ಎಬ್ಬಿಸಲಾರದು ಎಂಬುದು ಅವರ ವಿವರಣೆ. ಥೇಮ್ಸ್‌ನ ವೇಗದ ಪ್ರಯಾಣಿಕ ದೋಣಿಗಳ ದೊಡ್ಡ ಅಲೆ ಕೊಂಚ ಹಿಂದೆ ಬಿದ್ದು ಬರಬಹುದು ಎಂದಾಯಿತು. ಇಳಿತದ ಕೊನೆಗೆ ನದಿ ತೆಳುವಾದಾಗ ಇದಕ್ಕೆ ತದ್ವಿರುದ್ಧ. ಐದು ಮೀಟರ್ ಆಳದ ನೀರಿನಲ್ಲಿ ಅಲೆಯ ಪರಮಾವಧಿ ವೇಗ ಸೆಕೆಂಡಿಗೆ ಏಳು ಮೀಟರ್. ಹಡಗು ಆ ವೇಗದ ಸಮೀಪಕ್ಕೆ ಬಂದರೆ ರೆಕ್ಕೆ ಅಗಲವಾಗಿ ತೆರೆದುಕೊಳ್ಳುತ್ತದೆ, ಅಲೆ ಎತ್ತರವಾಗುತ್ತದೆ. ಬೆಳಿಗ್ಗೆ ಸುಮ್ಮನೆ ತೂಗಿದ ಅದೇ ದೋಣಿ ಮಧ್ಯಾಹ್ನ ಮಗುಚುವಂಥ ಅಲೆ ಎಬ್ಬಿಸಬಹುದು.

ಸಾಲದ್ದಕ್ಕೆ ದಡದ ಗೋಡೆಗಳು. ಲಂಡನ್ನಿನ ಒಳಚರಂಡಿ ಕಟ್ಟಿದ ಜೋಸೆಫ್ ಬ್ಯಾಜಲ್ಗೆಟ್ ನದಿಯನ್ನು ಒತ್ತರಿಸಿ ಕಲ್ಲಿನ ಕಟ್ಟೆ ಎಬ್ಬಿಸಿದರು. ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ತೆರೆದದ್ದು 1870ರಲ್ಲಿ. ಇಳಿಜಾರಿನ ಮರಳುದಂಡೆ ಅಲೆಯನ್ನು ನುಂಗುತ್ತದೆ, ನೆಟ್ಟಗಿನ ಗೋಡೆ ಅದನ್ನು ಹಾಗೇ ಹಿಂದಿರುಗಿಸುತ್ತದೆ. ಹೋಗುವ ಅಲೆಯೂ ಬರುವ ಅಲೆಯೂ ಕೂಡಿದಲ್ಲಿ ನೀರು ಇದ್ದಲ್ಲೇ ಎತ್ತರಕ್ಕೆ ಜಿಗಿಯುತ್ತದೆ. ಹೆದರಿದವರು ದಡ ಸುರಕ್ಷಿತವೆಂದು ಗೋಡೆಗೆ ಅಂಟಿಕೊಳ್ಳುತ್ತಾರೆ. ಅಲೆಯ ಮಟ್ಟಿಗೆ ನದಿಯ ಅತಿ ಕೆಟ್ಟ ಜಾಗಗಳಲ್ಲಿ ಅದೂ ಒಂದು.

ಈಗ ಈಜು ಬಲ್ಲವರ ಪ್ರಶ್ನೆ. ತುಂಗೆಯ ನೀರಿಗೂ ಏಪ್ರಿಲಿನ ಥೇಮ್ಸ್ ನೀರಿಗೂ ಹೋಲಿಕೆಯಿಲ್ಲ. ಅಲ್ಲಿ ಆಗ 10 ಡಿಗ್ರಿ ಸೆಲ್ಸಿಯಸ್ ಆಸುಪಾಸು. ತಣ್ಣೀರಿಗೆ ಬಿದ್ದವರು ಮೈ ತಣ್ಣಗಾಗಿ ಸಾಯುತ್ತಾರೆ ಎಂಬ ಭಾವನೆಯೇ ಬಹುಕಾಲ ಇತ್ತು. ಆದರೆ ಮೈಯೊಳಗಿನ ಬಿಸಿ ಅಪಾಯದ ಮಟ್ಟಕ್ಕೆ ಇಳಿಯಲು ಅರ್ಧ ಗಂಟೆಯಾದರೂ ಬೇಕು. ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ಮೊದಲಾದವರು ತೋರಿಸಿಕೊಟ್ಟದ್ದು ಮೊದಲ ನಿಮಿಷದ ಅಪಾಯವನ್ನು. ಚರ್ಮಕ್ಕೆ ಚಳಿ ತಾಗಿದೊಡನೆ ಎದೆ ತಾನಾಗಿ ಒಮ್ಮೆ ದೊಡ್ಡದಾಗಿ ಉಸಿರೆಳೆದುಕೊಳ್ಳುತ್ತದೆ. ಆಮೇಲೆ ಏದುಸಿರು. ದಡದ ಮೇಲೆ ಒಂದು ನಿಮಿಷ ಉಸಿರು ಕಟ್ಟಬಲ್ಲವನಿಗೂ ಆಗ ಕೆಲವೇ ಸೆಕೆಂಡು. ಆ ಹೊತ್ತಿನಲ್ಲಿ ಬಾಯಿ ನೀರಿನ ಕೆಳಗಿದ್ದರೆ ಎಷ್ಟು ಚೆನ್ನಾಗಿ ಈಜು ಬರುತ್ತಿತ್ತು ಎಂಬುದು ನಗಣ್ಯ. 60ರಿಂದ 90 ಸೆಕೆಂಡಿನಲ್ಲಿ ಇದು ತಾನೇ ಇಳಿಯುತ್ತದೆ. ಅಷ್ಟು ಹೊತ್ತು ಈಜದೆ, ತಲೆ ಹಿಂದಕ್ಕೆ ಚೆಲ್ಲಿ ಅಂಗಾತ ತೇಲಿ ಎಂದು ಬ್ರಿಟನ್ನಿನ ಜೀವರಕ್ಷಕ ಸಂಸ್ಥೆ ಹೇಳುವುದು ಇದಕ್ಕೇ. ಜಾಕೆಟ್ ನಿಮಗೆ ಕೊಡುವುದು ಆ ತೊಂಬತ್ತು ಸೆಕೆಂಡನ್ನು.

ಯಾವ ಜಾಕೆಟ್ ಎಂಬುದೂ ಕೇಳಬೇಕಾದ ಪ್ರಶ್ನೆಯೇ. ಎರಡನೇ ಮಹಾಯುದ್ಧದಲ್ಲಿ ಸಮುದ್ರಕ್ಕೆ ಬಿದ್ದ ವಿಮಾನ ಚಾಲಕರು ಪ್ರಜ್ಞೆ ತಪ್ಪಿದ್ದರೂ ಮುಖ ಮೇಲಾಗಿ ತೇಲುವಂಥ ಜಾಕೆಟ್ ಬೇಕಾಗಿತ್ತು. ಎಚ್ಚರವಿರುವವನು ಎಷ್ಟೇ ನಟಿಸಿದರೂ ಕುತ್ತಿಗೆ ತಾನಾಗಿ ಎತ್ತಿಕೊಳ್ಳುತ್ತದೆ, ಪರೀಕ್ಷೆ ಸುಳ್ಳಾಗುತ್ತದೆ. ಎಡ್ಗರ್ ಪಾಸ್ಕ್ ಎಂಬ ಅರಿವಳಿಕೆ ವೈದ್ಯರು ತಾವೇ ಮುಂದೆ ಬಂದರು. ಅವರಿಗೆ ಅರಿವಳಿಕೆ ಕೊಟ್ಟು, ಗಂಟಲಿಗೆ ಉಸಿರಿನ ನಳಿಕೆ ಇಳಿಸಿ, ಜಾಕೆಟ್ ತೊಡಿಸಿ ಕೊಳದ ನೀರಿಗೆ ಹಾಕಿದರು, ಮತ್ತೆ ಮತ್ತೆ. ಪಾಸ್ಕ್ ಬದುಕಿ ಉಳಿದು ಮುಂದೆ ನ್ಯೂಕ್ಯಾಸಲ್‌ನಲ್ಲಿ ಪ್ರಾಧ್ಯಾಪಕರಾದರು. ಇವತ್ತು ಇಂಥ ಪ್ರಯೋಗಕ್ಕೆ ಯಾವ ನೈತಿಕ ಸಮಿತಿಯೂ ಒಪ್ಪದು, ಒಪ್ಪಲೂಬಾರದು.

ಕಯಾಕ್ ಗುಂಪಿಗೆ ಸಾಮಾನ್ಯವಾಗಿ ಕೊಡುವುದು 50 ನ್ಯೂಟನ್ ಜಾಕೆಟ್, ಅಂದರೆ ಸುಮಾರು ಐದು ಕಿಲೊ ಎತ್ತುವ ಬಲ. ತೋಳಾಡಿಸಲು ಸಲೀಸು. ಆದರೆ ಪ್ರಜ್ಞೆ ತಪ್ಪಿದವರನ್ನು ಮಗ್ಗುಲು ತಿರುಗಿಸಿ ಮುಖ ಮೇಲೆ ಮಾಡುವ ಜಾಕೆಟ್ 150 ನ್ಯೂಟನ್ನಿನ ದರ್ಜೆಯದು. 50ರದ್ದು ತೊಟ್ಟವರಿಗೆ ಪಕ್ಕದ ದೋಣಿಯವರೇ ಉಳಿದ ನೂರು ನ್ಯೂಟನ್. ಪಟ್ಟಿ ಸಡಿಲವಾಗಿದ್ದರೆ ಜಾಕೆಟ್ ಕಿವಿಯವರೆಗೆ ಏರಿ, ನೀವು ಕೆಳಗೇ ಇರುತ್ತೀರಿ.

ಇಷ್ಟೆಲ್ಲ ಆದ ಮೇಲೂ ನಾನು ಹೆಚ್ಚು ಹೆದರುವುದು ನಿಂತ ವಸ್ತುಗಳಿಗೆ: ಲಂಗರು ಹಾಕಿದ ಕಸದ ಬಾರ್ಜು, ತೇಲುವ ಜೆಟ್ಟಿ, ಸೇತುವೆಯ ಕಂಬ. ನಾಲ್ಕು ನಾಟ್ ಸೆಳೆತ ಅಡ್ಡ ಸಿಕ್ಕ ಪ್ರತಿ ಚದರ ಮೀಟರನ್ನೂ ಸುಮಾರು 200 ಕಿಲೊ ಭಾರದಂತೆ ಒತ್ತುತ್ತದೆ, ಮತ್ತು ನೀರು ಹೋಗುವುದು ಬಾರ್ಜಿನ ತಳದಡಿಗೆ. ಸೆಳೆತ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ನಿಂತ ಬಾರ್ಜಿನ ಮೇಲ್ಹರಿವಿನ ಬದಿಯಲ್ಲಿ ವಿಶ್ರಾಂತಿಗೆಂದು ಎಂದೂ ನಿಲ್ಲಬೇಡಿ.

ಸೇತುವೆಗಳಿಗೆ ಅವುಗಳದೇ ಸಂಕೇತಗಳಿವೆ. ಮೂರು ಕೆಂಪು ಬಿಲ್ಲೆಗಳು ತಲೆಕೆಳಗಾದ ತ್ರಿಕೋನವಾಗಿ ತೂಗುತ್ತಿದ್ದರೆ ಆ ಕಮಾನು ಮುಚ್ಚಿದೆ. ದುರಸ್ತಿಗಾಗಿ ಕಮಾನಿನ ಎತ್ತರ ತಗ್ಗಿದ್ದರೆ ಹಗಲು ಹೊತ್ತು ಒಂದು ಹುಲ್ಲಿನ ಹೊರೆ ಕಟ್ಟಿ ಇಳಿಬಿಡಬೇಕೆಂಬ ಹಳೆಯ ಕಾಯಿದೆ ಲಂಡನ್ನಿನಲ್ಲಿ ಇಂದಿಗೂ ಜಾರಿಯಲ್ಲಿದೆ. ನಿಮಗೆ ಹೆಚ್ಚು ಬೇಕಾದದ್ದು ಕಮಾನಿನ ಮೇಲಿನ ಬಿಳಿ ದೀಪ. ಅದು ಒಂದೇ ಸಮನಾಗಿ ಹೊತ್ತಿ ಆರುತ್ತಿದ್ದರೆ ದೊಡ್ಡ ಹಡಗೋ ಬಾರ್ಜು ಎಳೆಯುವ ಟಗ್ಗೋ ಆ ಕಮಾನಿನತ್ತ ಬರುತ್ತಿದೆ ಎಂದು ಅರ್ಥ. ಬಹು ಬೇಗ ಬೇಗ ಮಿನುಗುತ್ತಿದ್ದರೆ ಒಂದಕ್ಕಿಂತ ಹೆಚ್ಚು ಬರುತ್ತಿವೆ. ಆಗ ಗುಂಪನ್ನು ಸೇತುವೆಗಿಂತ ಸಾಕಷ್ಟು ಮೊದಲೇ ಬಲಬದಿಗೆ ಸೇರಿಸಿ ನಿಲ್ಲಿಸಿಕೊಂಡು, ಹಡಗು ಹಾದ ಮೇಲೂ ಅದರ ಅಲೆ ಬಂದು ಹೋಗುವ ತನಕ ಕಾಯಿರಿ.